35 ಇಂಚಿನ ಟೈರ್ ಹಾಕಿದ್ರೆ ಆಕ್ಸಲ್‌ಗೆ ಏನಾಗುತ್ತೆ?

ಪಿಕಪ್ ಟ್ರಕ್ಕನ್ನ ಆಫ್‌ರೋಡ್‌ಗೆ ರೆಡಿ ಮಾಡೋ ಯಾವ ವಿಡಿಯೋ ಸೀರೀಸ್ ನೋಡಿದ್ರೂ ಕತೆ ಹೆಚ್ಚು ಕಮ್ಮಿ ಒಂದೇ. ಮೊದಲ ಎಪಿಸೋಡ್‌ನಲ್ಲಿ ದೊಡ್ಡ ಟೈರ್ ಮತ್ತು ಹೊಳೆಯೋ ರಿಮ್ ಬರುತ್ತೆ. ಎರಡನೇದ್ರಲ್ಲಿ ಆ ಟೈರ್ ಹಿಡಿಸೋಕೆ ಲಿಫ್ಟ್ ಕಿಟ್. ನಾಲ್ಕನೇ ಎಪಿಸೋಡ್‌ಗೆ ಗಾಡಿ ಬಂಡೆ ಮೇಲೆ ಅಡ್ಡ ನಿಂತಿರುತ್ತೆ, ಎಂಜಿನ್ ಕೂಗ್ತಾ ಇರುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ. ನಮ್ಮ ಗ್ಯಾರೇಜ್ ಭಾಷೇಲಿ ಹೇಳೋದಾದ್ರೆ, ಆಕ್ಸಲ್ ಕಟ್.

ಅದು ದುರದೃಷ್ಟ ಅಲ್ಲ, ಲೆಕ್ಕ. ಅದೂ ನಾವು ಮೂರನೇ ಸೆಮ್‌ನಲ್ಲಿ ಓದೋ ಟಾರ್ಷನ್ ಸೂತ್ರ, ಪಿಯುಸಿಯ ಘರ್ಷಣೆ ಮತ್ತು ಹೈಸ್ಕೂಲ್‌ನ ಗುಣಾಕಾರ, ಇಷ್ಟರಲ್ಲೇ ಮುಗಿಯೋ ಲೆಕ್ಕ. ಟೈರ್, ಗೇರ್, ಆಕ್ಸಲ್, ರಿಮ್ ನಾಲ್ಕೂ ಅಂಗಡಿಯಲ್ಲಿ ಬೇರೆ ಬೇರೆ ಶೆಲ್ಫ್‌ನಲ್ಲಿರ್ತವೆ. ಆದ್ರೆ ಗಾಡಿಗೆ ಅವು ನಾಲ್ಕು ಆಯ್ಕೆ ಅಲ್ಲ, ಒಂದೇ ಸಮೀಕರಣದ ನಾಲ್ಕು ಪದಗಳು. ಒಂದನ್ನ ಬದಲಾಯಿಸಿ ಉಳಿದ ಮೂರನ್ನ ಹಾಗೇ ಬಿಟ್ರೆ ಸಮೀಕರಣ ಸುಮ್ಮನಿರಲ್ಲ. ಅದು ಹೇಗೆ ಅಂತ ಒಂದು ನಿಜವಾದ ಗಾಡಿ ಇಟ್ಕೊಂಡು ನೋಡೋಣ.

ಗಾಡಿ 1985ರ ಟೊಯೊಟಾ ಪಿಕಪ್, ಫೋರ್ ಬೈ ಫೋರ್. ‘ಬ್ಯಾಕ್ ಟು ದಿ ಫ್ಯೂಚರ್’ ಸಿನಿಮಾ ನೋಡಿದ್ರೆ ನೆನಪಿರುತ್ತೆ, ಮಾರ್ಟಿ ಆಸೆಪಟ್ಟು ನೋಡ್ತಾ ನಿಲ್ಲೋ ಆ ಕಪ್ಪು ಪಿಕಪ್. ಬೇರೆ ದೇಶಗಳಲ್ಲಿ ಹೈಲಕ್ಸ್ ಅನ್ನೋ ಹೆಸರಲ್ಲಿ ಬಂದ ಗಾಡಿಯೇ ಅಮೆರಿಕದಲ್ಲಿ ಬರೀ ‘ಟೊಯೊಟಾ ಪಿಕಪ್’ ಆಗಿ ಮಾರಾಟ ಆಯ್ತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2022ರಲ್ಲಿ ನಮ್ಮಲ್ಲಿಗೆ ತಂದ ಹೈಲಕ್ಸ್ ಇದರ ಮೊಮ್ಮಗ ಅನ್ಬಹುದು. ಈ ಹಳೇ ಗಾಡಿಯನ್ನೇ ಆರಿಸ್ಕೊಳ್ಳೋಕೆ ಕಾರಣ ಇದೆ. ಅಮೆರಿಕದಲ್ಲಿ ಮುಂದಿನ ಚಕ್ರಗಳಿಗೂ ಸಾಲಿಡ್ ಆಕ್ಸಲ್ ಇಟ್ಟು ಟೊಯೊಟಾ ಈ ಪಿಕಪ್ ಮಾರಿದ ಕೊನೇ ವರ್ಷ 1985. 1986ರಿಂದ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿರೋ ರುಬಿಕಾನ್ ಟ್ರೇಲ್‌ನಂಥ ಬರೀ ಗ್ರಾನೈಟ್ ಬಂಡೆಗಳ ದಾರಿಗೆ ಜನ ಇವತ್ತಿಗೂ ಇದನ್ನ ಹುಡುಕಿ ಕೊಳ್ತಾರೆ.

ಸಾಲಿಡ್ ಆಕ್ಸಲ್ ಯಾಕೆ ಬೇಕು ಅಂದ್ರೆ, ಒಂದು ಚಕ್ರ ಬಂಡೆ ಹತ್ತಿದಾಗ ಇಡೀ ಆಕ್ಸಲ್ ಏತದ ಮರದ ಹಾಗೆ ವಾಲಿ ಇನ್ನೊಂದು ಚಕ್ರವನ್ನ ನೆಲಕ್ಕೆ ಒತ್ತುತ್ತೆ. ಭಾಗಗಳು ಕಮ್ಮಿ, ಇರೋವೆಲ್ಲ ದಪ್ಪ. ಹೈವೇಯಲ್ಲಿ ಅದರ ಸವಾರಿ ಎತ್ತಿನಗಾಡಿಗೆ ಹತ್ತಿರ, ಅದೂ ನಿಜ.

ಮೊದಲು ಟೈರ್

ಫ್ಯಾಕ್ಟರಿಯಿಂದ ಬಂದ ಟೈರ್ 225/75 ಆರ್ 15. ಅಗಲ 225 ಮಿ.ಮೀ., ಅದರ ಶೇ. 75 ಅಂದ್ರೆ ಸುಮಾರು 169 ಮಿ.ಮೀ. ಸೈಡ್‌ವಾಲ್ ಎತ್ತರ. ಅದರ ಎರಡರಷ್ಟಕ್ಕೆ 15 ಇಂಚಿನ ರಿಮ್ಮಿನ 381 ಮಿ.ಮೀ. ಕೂಡಿಸಿ. ವ್ಯಾಸ ಸುಮಾರು 718 ಮಿ.ಮೀ., ಅಂದ್ರೆ 28 ಇಂಚಿಗಿಂತ ಚೂರು ಜಾಸ್ತಿ. ಇದರ ಜಾಗದಲ್ಲಿ ಈಗ 35 ಇಂಚಿನದು, 889 ಮಿ.ಮೀ.

ಲಾಭ ಏನು? ವ್ಯಾಸದಲ್ಲಿ 170 ಮಿ.ಮೀ. ಹೆಚ್ಚಾಯ್ತು, ಆಕ್ಸಲ್ ಅದರ ಅರ್ಧ, ಅಂದ್ರೆ 85 ಮಿ.ಮೀ. ಮೇಲೆ ಹೋಯ್ತು. ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳ್ಬೇಕು: ಸಾಲಿಡ್ ಆಕ್ಸಲ್ ಗಾಡಿಯಲ್ಲಿ ಲಿಫ್ಟ್ ಕಿಟ್ ಹಾಕಿದ್ರೆ ಬಾಡಿ ಮೇಲೆ ಹೋಗುತ್ತೆ, ಆಕ್ಸಲ್ ಇದ್ದಲ್ಲೇ ಇರುತ್ತೆ. ಬಂಡೆಗೆ ಮೊದಲು ತಾಗೋದು ಡಿಫರೆನ್ಷಿಯಲ್‌ನ ಹೊಟ್ಟೆ. ಅದನ್ನ ಎತ್ತೋದು ಟೈರ್ ಮಾತ್ರ. ಆರು ಇಂಚು ಲಿಫ್ಟ್ ಮಾಡಿಸಿ ಹಳೇ ಟೈರಲ್ಲೇ ಓಡಾಡೋ ಗಾಡಿಯ ಡಿಫ್ ಶೋರೂಮ್ ದಿನದ ಎತ್ತರದಲ್ಲೇ ಇರುತ್ತೆ, ಮೇಲಿಂದ ಉರುಳೋ ಅಪಾಯ ಮಾತ್ರ ಜಾಸ್ತಿ. ಹಾಗಾಗಿ ಲಿಫ್ಟ್ ಅನ್ನೋದು ಟೈರ್‌ಗೆ ಜಾಗ ಮಾಡೋಕೆ, ಬೇರೇನಕ್ಕೂ ಅಲ್ಲ.

ನನ್ನ ಅಭಿಪ್ರಾಯದಲ್ಲಿ ಎಲ್ಲಾ ಆಯ್ಕೆಗಳೂ ಇಲ್ಲಿಂದಲೇ ಶುರುವಾಗ್ಬೇಕು. ಯಾವ ದಾರಿಗೆ ಹೋಗ್ತೀನಿ, ಅದಕ್ಕೆ ಎಷ್ಟು ಎತ್ತರದ ಟೈರ್ ಸಾಕು ಅಂತ ಮೊದಲು ತೀರ್ಮಾನ ಮಾಡಿ, ಆ ಸಂಖ್ಯೆ ಮೇಲೆ ಪ್ರಮಾಣ ಮಾಡ್ಬೇಕು. ಯಾಕಂದ್ರೆ 33 ಇಂಚಿಗೆ ಅಂತ ಗೇರ್ ಹಾಕಿಸಿ, ವರ್ಷ ಆದ್ಮೇಲೆ 37ಕ್ಕೆ ಹೋದ್ರೆ ಗೇರ್ ದುಡ್ಡು ಎರಡು ಸಲ ಕೊಟ್ಟ ಹಾಗೆ.

ಗೇರ್: ಕಳೆದದ್ದನ್ನ ವಾಪಸ್ ತರೋದು

ಈ ಪಿಕಪ್‌ನ 2.4 ಲೀಟರ್ 22 ಆರ್‌ಇ ಎಂಜಿನ್ ಕೊಡೋದು ಸುಮಾರು 190 ನ್ಯೂಟನ್ ಮೀಟರ್ ಟಾರ್ಕ್. ಇವತ್ತಿನ ಲೆಕ್ಕದಲ್ಲಿ ಸಣ್ಣದು. ಆ ಟಾರ್ಕ್ ಮೂರು ಕಡೆ ಗುಣಾಕಾರ ಆಗುತ್ತೆ. ಗೇರ್‌ಬಾಕ್ಸಿನ ಫಸ್ಟ್ ಗೇರ್‌ನಲ್ಲಿ 3.95, ಟ್ರಾನ್ಸ್‌ಫರ್ ಕೇಸ್ ಲೋ ರೇಂಜ್‌ನಲ್ಲಿ 2.28, ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್‌ನಲ್ಲಿ 4.10. ಮೂರನ್ನೂ ಗುಣಿಸಿದ್ರೆ ಸುಮಾರು 37. ಇದನ್ನೇ ಕ್ರಾಲ್ ರೇಶಿಯೋ ಅನ್ನೋದು. ಎಂಜಿನ್ 37 ಸುತ್ತು ಹಾಕಿದ್ರೆ ಚಕ್ರ ಒಂದು ಸುತ್ತು.

ಈಗ ಟೈರ್ ಮಾತ್ರ ಬದಲಾಯಿಸಿ ಅಂದ್ಕೊಳ್ಳಿ. 889ನ್ನ 718ರಿಂದ ಭಾಗಿಸಿದ್ರೆ 1.24. ಅಂದ್ರೆ ಎಂಜಿನ್‌ಗೆ ಎದುರಾಗಿ ನೆಲ ಶೇ. 24ರಷ್ಟು ಉದ್ದದ ಸನ್ನೆಕೋಲು ಹಿಡ್ಕೊಂಡ ಹಾಗಾಯ್ತು. 37 ಇದ್ದ ರೇಶಿಯೋ 30ರ ಥರ ವರ್ತಿಸುತ್ತೆ. 800 ಆರ್‌ಪಿಎಂ ಐಡಲ್‌ನಲ್ಲಿ ಗಂಟೆಗೆ 2.9 ಕಿ.ಮೀ. ತೆವಳ್ತಿದ್ದ ಗಾಡಿ ಈಗ 3.6 ಕಿ.ಮೀ. ಓಡುತ್ತೆ. ಕೇಳೋಕೆ ಏನೂ ಅನ್ಸಲ್ಲ, ಆದ್ರೆ ಮೊಣಕಾಲೆತ್ತರದ ಬಂಡೆ ಇಳಿಯೋವಾಗ ಆ ವ್ಯತ್ಯಾಸ ಕ್ಲಚ್‌ನಲ್ಲೂ ಬ್ರೇಕ್‌ನಲ್ಲೂ ಗೊತ್ತಾಗುತ್ತೆ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಅದು 80 ತೋರಿಸಿದಾಗ ನೀವು 99ರಲ್ಲಿರ್ತೀರ.

ಹಳೇ ಸ್ಥಿತಿಗೆ ಬರೋಕೆ ಕ್ರೌನ್ ಪಿನಿಯನ್ ಎಷ್ಟಿರ್ಬೇಕು? 4.10ನ್ನ 1.24ರಿಂದ ಗುಣಿಸಿ, ಸುಮಾರು 5.07. ಹಾಗಂತ 5.07ರ ಸೆಟ್ ಮಾರ್ಕೆಟ್ಟಲ್ಲಿ ಸಿಗಲ್ಲ. ಟೊಯೊಟಾದ ಈ 8 ಇಂಚಿನ ಡಿಫ್‌ಗೆ ಸಿಗೋದು 4.56, 4.88, 5.29, 5.71 ಇಂಥವು. 5.07ಕ್ಕೆ ಹತ್ತಿರ ಇರೋದು 4.88 ಮತ್ತು 5.29. ನಾನಾದ್ರೆ 5.29 ತಗೊಳ್ತೀನಿ. ಟೈರ್ ದೊಡ್ಡದಾದ್ರೆ ಭಾರನೂ ಹೆಚ್ಚುತ್ತೆ, ಅದಕ್ಕೆ ಸ್ಟೀಲ್ ಬಂಪರ್, ವಿಂಚ್, ಸ್ಪೇರ್ ಟೈರ್ ಎಲ್ಲ ಸೇರುತ್ತೆ. ಸಣ್ಣ ಎಂಜಿನ್ ಇದನ್ನೆಲ್ಲ ಹೊತ್ಕೊಂಡು ಹೋಗ್ಬೇಕು. ಹೈವೇಯಲ್ಲಿ 100 ಕಿ.ಮೀ. ವೇಗಕ್ಕೆ, ಐದನೇ ಗೇರ್‌ನ 0.85 ಸೇರಿಸಿ ಲೆಕ್ಕ ಹಾಕಿದ್ರೆ, 5.29ರಲ್ಲಿ ಎಂಜಿನ್ 2,680 ಆರ್‌ಪಿಎಂ ಹತ್ತಿರ ಇರುತ್ತೆ. ಫ್ಯಾಕ್ಟರಿ ಸ್ಥಿತಿಯಲ್ಲಿ 2,570 ಇತ್ತು. ನೂರು ಆರ್‌ಪಿಎಂ ವ್ಯತ್ಯಾಸ, ಅಷ್ಟೇ. ಬರೀ 4.10 ಬಿಟ್ಟು 35ರ ಟೈರ್ ಹಾಕಿದ್ರೆ 2,080ಕ್ಕೆ ಇಳಿಯುತ್ತೆ. ಮೈಲೇಜ್ ಬರುತ್ತೆ ಅಂತ ಖುಷಿಪಡ್ಬೇಡಿ, ಆ ಆರ್‌ಪಿಎಂನಲ್ಲಿ ಈ ಎಂಜಿನ್‌ಗೆ ಏರು ಎಳೆಯೋ ಶಕ್ತಿ ಇಲ್ಲ. ಐದನೇ ಗೇರ್ ಬರೀ ಅಲಂಕಾರಕ್ಕೆ ಉಳಿಯುತ್ತೆ. ಇನ್ನೊಂದು ಬೋನಸ್: ಈ ಗಾಡಿಯ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದ ಬರೋದ್ರಿಂದ, 5.29 ಹಾಕಿದ್ರೆ ಅದೂ ಬಹುತೇಕ ಸರಿಹೋಗುತ್ತೆ. ನಿಜಕ್ಕಿಂತ ಶೇ. 4ರಷ್ಟು ಜಾಸ್ತಿ ತೋರಿಸುತ್ತೆ, ಪೊಲೀಸ್ ಮಾಮನ ದೃಷ್ಟಿಯಿಂದ ಅದು ಒಳ್ಳೇದೇ.

ಒಂದು ಎಚ್ಚರಿಕೆ. ಮುಂದೆ ಮತ್ತು ಹಿಂದೆ ಎರಡೂ ಆಕ್ಸಲ್‌ಗೆ ಒಂದೇ ರೇಶಿಯೋ ಇರ್ಲೇಬೇಕು. ಇಂಥ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ಟ್ರಾನ್ಸ್‌ಫರ್ ಕೇಸ್ ಒಳಗೆ ಲಾಕ್ ಆಗಿರ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ಹಿಂದೆ 5.29, ಮುಂದೆ 4.10 ಇಟ್ಟು ಫೋರ್ ವೀಲ್ ಹಾಕಿದ್ರೆ ಎರಡು ಆಕ್ಸಲ್ ಪರಸ್ಪರ ಜಗಳ ಆಡ್ತವೆ, ಹಿಡಿತ ಇರೋ ನೆಲದಲ್ಲಿ ಏನಾದ್ರೂ ಒಡೆಯೋವರೆಗೂ. ಹಾಗಾಗಿ ಗೇರ್ ಬಜೆಟ್ ಅಂದ್ರೆ ಯಾವಾಗ್ಲೂ ಎರಡು ಸೆಟ್, ಎರಡು ಸಲ ಕೂಲಿ.

ಇನ್ನೂ ನಿಧಾನ ಬೇಕು ಅನ್ನೋರಿಗೆ ಟ್ರಾನ್ಸ್‌ಫರ್ ಕೇಸ್ ಒಳಗಿನ 2.28 ತೆಗೆದು 4.7ರ ಗೇರ್ ಹಾಕೋ ದಾರಿ ಇದೆ. ಆಗ 3.95 × 4.7 × 5.29, ಕ್ರಾಲ್ ರೇಶಿಯೋ ಸುಮಾರು 98. ಐಡಲ್‌ನಲ್ಲಿ ಗಂಟೆಗೆ 1.4 ಕಿ.ಮೀ. ಪರೀಕ್ಷೆ ಹಾಲ್‌ಗೆ ನಾವು ನಡ್ಕೊಂಡು ಹೋಗೋದಕ್ಕಿಂತ ನಿಧಾನ. ಇದರ ಸೊಗಸು ಏನಂದ್ರೆ ಹೈ ರೇಂಜ್‌ನಲ್ಲಿ ಏನೂ ಬದಲಾಗಲ್ಲ, ಹೈವೇ ಆರ್‌ಪಿಎಂ ಹಾಗೇ ಇರುತ್ತೆ. ಬಾಜಾ ಟೀಮ್‌ನಲ್ಲಿರೋರಿಗೆ ಇದರ ಬೆಲೆ ತಕ್ಷಣ ಗೊತ್ತಾಗುತ್ತೆ. ಅಲ್ಲಿ ಹಿಲ್ ಕ್ಲೈಂಬ್‌ಗೂ ಆಕ್ಸಿಲರೇಶನ್‌ಗೂ ಒಂದೇ ಫೈನಲ್ ರೇಶಿಯೋದಲ್ಲಿ ರಾಜಿ ಮಾಡ್ಕೋಬೇಕು, ಇಲ್ಲಿ ಎರಡೂ ಸಿಗುತ್ತೆ.

ಆದ್ರೆ ಬಿಟ್ಟಿ ಊಟ ಎಲ್ಲೂ ಇಲ್ಲ. 190ನ್ನ 98ರಿಂದ ಗುಣಿಸಿ ನೋಡಿ. 18,600 ನ್ಯೂಟನ್ ಮೀಟರ್ ದಾಟುತ್ತೆ. ಇದು ಎಲ್ಲಿ ಹೋಗಿ ಬೀಳುತ್ತೆ?

ಮುರಿಯೋದು ಯಾವುದು?

ಇಲ್ಲಿ ಬಹಳ ಜನ ಎಂಜಿನ್ ಟಾರ್ಕ್ ನೋಡಿ ಹೆದರ್ತಾರೆ. ನಿಜವಾಗಿ ಸಾಮಾನ್ಯ ಸಂದರ್ಭದಲ್ಲಿ ಆಕ್ಸಲ್ ಶಾಫ್ಟ್ ಮೇಲೆ ಎಷ್ಟು ಟಾರ್ಕ್ ಬೀಳ್ಬೇಕು ಅಂತ ನಿರ್ಧರಿಸೋದು ಎಂಜಿನ್ ಅಲ್ಲ, ಟೈರ್. ನೆಲ ಎಷ್ಟು ಹಿಡಿಯುತ್ತೋ ಅಷ್ಟೇ ಟಾರ್ಕ್ ಶಾಫ್ಟ್ ಹೊರುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಚಕ್ರ ಜಾರುತ್ತೆ, ಕತೆ ಮುಗೀತು. ಅಂದ್ರೆ ಮಿತಿ ಇಷ್ಟು: ಚಕ್ರದ ಮೇಲಿನ ಭಾರ × ಘರ್ಷಣಾಂಕ × ಟೈರಿನ ತ್ರಿಜ್ಯ.

ಸಂಖ್ಯೆ ಹಾಕೋಣ. ಸಾಮಾನು ಸಮೇತ ಗಾಡಿ 1,800 ಕೆ.ಜಿ. ಅಂತ ಇಟ್ಕೊಳ್ಳಿ. ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತೆ, ಶೇ. 60 ಅಂದ್ರೆ 1,080 ಕೆ.ಜಿ. ಹಿಂದಿನ ಆಕ್ಸಲ್ ಮೇಲೆ. ಒಣ ಗ್ರಾನೈಟ್ ಮೇಲೆ ಘರ್ಷಣಾಂಕ 0.8. ಭಾರಕ್ಕೆ ಟೈರ್ ಸ್ವಲ್ಪ ಕುಸಿಯೋದ್ರಿಂದ 35ರ ಟೈರ್‌ಗೆ ತ್ರಿಜ್ಯ 0.43 ಮೀಟರ್, ಹಳೇದಕ್ಕೆ 0.35 ಅನ್ನೋಣ. ಓಪನ್ ಡಿಫ್ ಇದ್ರೆ ಎರಡು ಶಾಫ್ಟ್ ಸಮನಾಗಿ ಹಂಚ್ಕೊಳ್ತವೆ. ಆದ್ರೆ ಆಫ್‌ರೋಡ್ ಬಿಲ್ಡ್ ಅಂದ್ಮೇಲೆ ಲಾಕರ್ ಇರುತ್ತೆ. ಲಾಕರ್ ಎರಡೂ ಶಾಫ್ಟ್‌ಗಳನ್ನ ಒಂದೇ ಸರಳಿನ ಹಾಗೆ ಕಟ್ಟಿಹಾಕುತ್ತೆ. ಒಂದು ಚಕ್ರ ಗಾಳಿಯಲ್ಲಿದ್ದು ಇನ್ನೊಂದು ಮಾತ್ರ ನೆಲದಲ್ಲಿದ್ರೆ, ಆಕ್ಸಲ್‌ನ ಪೂರ್ತಿ ಭಾರ, ಪೂರ್ತಿ ಟಾರ್ಕ್ ಒಂದೇ ಶಾಫ್ಟ್ ಮೇಲೆ. ಲೆಕ್ಕ ಹಾಕಿದ್ರೆ ಹಳೇ ಟೈರ್‌ಗೆ ಸುಮಾರು 2,970 ನ್ಯೂಟನ್ ಮೀಟರ್, 35ಕ್ಕೆ 3,650. ಎಂಜಿನ್‌ನ ಒಂದು ಬೋಲ್ಟ್ ಮುಟ್ಟಿಲ್ಲ, ಟೈರ್ ಒಂದರಿಂದಲೇ ಶೇ. 23 ಹೆಚ್ಚಾಯ್ತು.

ಈಗ ಟಾರ್ಷನ್ ಸೂತ್ರ ಹೊರಗೆ ತೆಗೀರಿ. ಗಟ್ಟಿ ದುಂಡು ಶಾಫ್ಟ್‌ನ ಮೇಲ್ಮೈ ಒತ್ತಡ ಅಂದ್ರೆ 16ನ್ನ ಟಾರ್ಕ್‌ನಿಂದ ಗುಣಿಸಿ, ಪೈ ಮತ್ತು ವ್ಯಾಸದ ಘನದಿಂದ ಭಾಗಿಸೋದು. ಲೆಕ್ಕಕ್ಕೆ ಶಾಫ್ಟ್ 32 ಮಿ.ಮೀ. ಅಂತ ಹಿಡಿದ್ರೆ ಹಳೇ ಟೈರಲ್ಲಿ 461 ಮೆಗಾಪ್ಯಾಸ್ಕಲ್, ಹೊಸದರಲ್ಲಿ 566. ಅದೇ ಶಾಫ್ಟ್ 35 ಮಿ.ಮೀ. ಆಗಿದ್ರೆ? 433. ಗಮನಿಸಿ, ವ್ಯಾಸ ಬರೀ ಮೂರು ಮಿಲಿಮೀಟರ್ ಹೆಚ್ಚಾಗಿದ್ದಕ್ಕೆ ದೊಡ್ಡ ಟೈರ್ ತಂದ ತೊಂದರೆ ಪೂರ್ತಿ ವಾಪಸ್ ಹೋಗಿ ಇನ್ನೂ ಸ್ವಲ್ಪ ಉಳೀತು. ವ್ಯಾಸದ ಘನ ಅನ್ನೋದು ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್‌ಗೆ ಬರೆಯೋ ಸಾಲು, ಇಲ್ಲಿ ಅದು ಬಂಡೆ ಮೇಲೆ ರಾತ್ರಿ ಕಳೆಯೋದಾ ಮನೆಗೆ ಹೋಗೋದಾ ಅನ್ನೋ ಪ್ರಶ್ನೆ. ಶಾಫ್ಟ್ ದಪ್ಪ ಮಾಡೋಕೆ ಜಾಗ ಇಲ್ದಿದ್ರೆ ಲೋಹ ಬದಲಾಯಿಸ್ಬೇಕು. ಕ್ರೋಮೋಲಿ ಶಾಫ್ಟ್‌ಗಳಿಗೆ ಅಷ್ಟು ಬೆಲೆ ಇರೋದು ಅದಕ್ಕೇ.

ಹಾಗಿದ್ರೆ ಟೈರ್ ಹಿಡಿತವೇ ಮಿತಿ ಅಂದ್ಮೇಲೆ ಕ್ರಾಲ್ ರೇಶಿಯೋ 98 ಇದ್ರೇನು, 37 ಇದ್ರೇನು? ವ್ಯತ್ಯಾಸ ಇದೆ, ಅದೂ ಎರಡು ದಿಕ್ಕಲ್ಲಿ. ಚಕ್ರ ಎರಡು ಬಂಡೆ ನಡುವೆ ಸಿಕ್ಕಿಕೊಂಡಿದೆ ಅನ್ನಿ. ಈಗ ಅದು ಜಾರೋ ಹಾಗೇ ಇಲ್ಲ. ಘರ್ಷಣೆ ಅನ್ನೋ ಸೇಫ್ಟಿ ಫ್ಯೂಸ್ ಹೋಯ್ತು. ಈಗ ಶಾಫ್ಟ್ ಮೇಲೆ ಬರೋದು ಎಂಜಿನ್ ಗೇರ್ ಸೇರಿ ಕೊಡೋ ಪೂರ್ತಿ ಟಾರ್ಕ್. 37ರಲ್ಲಿ ಒಟ್ಟು 7,000 ಇದ್ದದ್ದು 98ರಲ್ಲಿ 18,600. ಆಕ್ಸಿಲರೇಟರ್ ಒತ್ತಿದವನ ಕಾಲೇ ಈಗ ಫ್ಯೂಸ್. ಇನ್ನೊಂದು ದಿಕ್ಕಲ್ಲಿ ನೋಡಿದ್ರೆ, ಶಾಫ್ಟ್ ಮುರಿಯೋದು ಹೆಚ್ಚಾಗಿ ನಿಧಾನದ ಎಳೆತಕ್ಕಲ್ಲ, ಹೊಡೆತಕ್ಕೆ. ರೇಶಿಯೋ ಸಾಲದ ಗಾಡಿ ಓಡಿಸೋರು ಕ್ಲಚ್ ಬಿಟ್ಟು, ವೇಗ ತಗೊಂಡು, ಚಕ್ರ ಗಾಳಿಯಲ್ಲಿ ತಿರುಗಿಸಿ, ಅದು ದಪ್ ಅಂತ ಬಂಡೆ ಮೇಲೆ ಬಿದ್ದು ಒಂದೇ ಕ್ಷಣಕ್ಕೆ ಹಿಡಿದಾಗ ಕಟ್ ಮಾಡ್ತಾರೆ. ರೇಶಿಯೋ ಇದ್ದವರು ಐಡಲ್‌ನಲ್ಲೇ ಆಮೆ ಹಾಗೆ ಹತ್ತಿ ಹೋಗ್ತಾರೆ. ಹಾಗಾಗಿ ಲೋ ಗೇರ್ ಆಕ್ಸಲ್ ಉಳಿಸುತ್ತೆ ಅನ್ನೋದೂ ನಿಜ, ಮುರಿಯುತ್ತೆ ಅನ್ನೋದೂ ನಿಜ. ಯಾವುದು ಅನ್ನೋದು ಬಲಗಾಲಿನ ವಿಚಾರ.

ಗುಣಾಕಾರ ಎಲ್ಲಿ ಮಾಡ್ತೀವಿ ಅನ್ನೋದೂ ಮುಖ್ಯ. ನಿಯಮ ಸರಳ: ಗುಣಾಕಾರ ಆದ ಜಾಗದಿಂದ ಮುಂದೆ ಇರೋದೆಲ್ಲ ಆ ಹೆಚ್ಚಿನ ಟಾರ್ಕ್ ಹೊರ್ಬೇಕು. ಟ್ರಾನ್ಸ್‌ಫರ್ ಕೇಸ್‌ನಲ್ಲಿ 4.7 ಹಾಕಿದ್ರೆ ಪ್ರೊಪೆಲ್ಲರ್ ಶಾಫ್ಟ್, ಯುಜೆ ಕ್ರಾಸ್, ಪಿನಿಯನ್, ಆಕ್ಸಲ್ ಶಾಫ್ಟ್ ಎಲ್ಲದಕ್ಕೂ ಭಾರ. ಕ್ರೌನ್ ಪಿನಿಯನ್‌ನಲ್ಲಿ ಮಾಡಿದ್ರೆ ಪ್ರೊಪೆಲ್ಲರ್ ಶಾಫ್ಟ್ ಬಚಾವ್. ಚಕ್ರದ ಹಬ್ಬಿನಲ್ಲೇ ಮಾಡಿದ್ರೆ ಆಕ್ಸಲ್ ಶಾಫ್ಟ್ ಕೂಡ ಬಚಾವ್. ಮರ್ಸಿಡಿಸ್‌ನ ಯೂನಿಮೋಗ್ ಟ್ರಕ್‌ಗಳ ಪೋರ್ಟಲ್ ಆಕ್ಸಲ್, ಅಮೆರಿಕ ಸೈನ್ಯದ ಹಮ್‌ವೀಯ 1.92ರ ಹಬ್ ರಿಡಕ್ಷನ್, ಇವೆಲ್ಲ ಈ ತರ್ಕದ ಮಕ್ಕಳು. ಮೇಲಾಗಿ ಪೋರ್ಟಲ್‌ನಲ್ಲಿ ಆಕ್ಸಲ್ ಚಕ್ರದ ಮಧ್ಯಕ್ಕಿಂತ ಮೇಲೆ ಕೂರೋದ್ರಿಂದ ಡಿಫ್ ಹೊಟ್ಟೆಯೂ ಎತ್ತರ ಆಗುತ್ತೆ. ಬೆಲೆಯೂ.

ಕ್ರೌನ್ ಪಿನಿಯನ್‌ನಲ್ಲಿ ಮಾಡೋದಕ್ಕೂ ಒಂದು ಕೊರತೆ ಇದೆ. 4.10 ಅಂದ್ರೆ ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 10. 5.29 ಅಂದ್ರೆ 37ಕ್ಕೆ 7. ಕ್ರೌನ್ ಗಾತ್ರ 8 ಇಂಚಿಗೇ ಸೀಮಿತ, ಹಾಗಾಗಿ ರೇಶಿಯೋ ಹೆಚ್ಚಿದ ಹಾಗೆ ಪಿನಿಯನ್ ಸೊರಗುತ್ತೆ, ಒಂದು ಕ್ಷಣಕ್ಕೆ ಕಚ್ಚಿಕೊಂಡಿರೋ ಹಲ್ಲುಗಳೂ ಕಮ್ಮಿ. 5.71ಕ್ಕೆ ಹೋಗೋದು ನನಗೆ ಇಷ್ಟ ಇಲ್ಲದಿರೋದು ಇದಕ್ಕೇ. ಅಷ್ಟು ಬೇಕು ಅನ್ಸಿದ್ರೆ ಉಳಿದದ್ದನ್ನ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಹುಡುಕೋದು ವಾಸಿ.

ಆಕ್ಸಲ್ ಇಡಿಯಾಗಿ ಬದಲಾಯಿಸ್ಬೇಕಾ?

ಇಂಟರ್ನೆಟ್‌ನಲ್ಲಿ ಕೇಳಿದ್ರೆ ಎಲ್ಲರ ಉತ್ತರ ‘ಡಾನಾ 60 ಹಾಕು’. ದೊಡ್ಡ ಅಮೆರಿಕನ್ ಟ್ರಕ್‌ಗಳ ಕೆಳಗಿರೋ ಆಕ್ಸಲ್ ಅದು. ಕ್ರೌನ್ 9.75 ಇಂಚು, ಶಾಫ್ಟ್ ದಪ್ಪ, ಸುಲಭಕ್ಕೆ ಮುರಿಯಲ್ಲ. ಆದ್ರೆ ಕ್ರೌನ್ ವ್ಯಾಸ 8 ಇಂಚಿನಿಂದ 9.75ಕ್ಕೆ ಹೋದ್ರೆ ಡಿಫ್ ಹೊಟ್ಟೆ ಕಡೇಪಕ್ಷ 22 ಮಿ.ಮೀ. ಕೆಳಗೆ ಬರುತ್ತೆ. ಟೈರ್‌ಗೆ ದುಡ್ಡು ಸುರಿದು ಗಳಿಸಿದ 85ರಲ್ಲಿ ಕಾಲುಭಾಗ ಹೋಯ್ತು. ತೂಕನೂ ಬಹಳ. 35 ಇಂಚು ಟೈರ್, 190 ನ್ಯೂಟನ್ ಮೀಟರ್ ಎಂಜಿನ್‌ಗೆ ಅದು ಇಲಿ ಹಿಡಿಯೋಕೆ ಬೆಟ್ಟ ಅಗೆದ ಹಾಗೆ. 37ಕ್ಕಿಂತ ಮೇಲೆ, ಅಥವಾ ವಿ8 ಎಂಜಿನ್ ಹಾಕೋ ಪ್ಲಾನ್ ಇದ್ರೆ ಮಾತು ಬೇರೆ. ಇಲ್ದಿದ್ರೆ ಟೊಯೊಟಾ ಆಕ್ಸಲ್ ಇಟ್ಕೊಂಡು ಒಳಗಿನ ಶಾಫ್ಟ್, ಜಾಯಿಂಟ್ ಗಟ್ಟಿ ಮಾಡೋದು ಜಾಣತನ. ಅದರ ಡಿಫ್ ಪೂರ್ತಿ ಒಂದು ಉಂಡೆಯಾಗಿ ಹೌಸಿಂಗ್‌ನಿಂದ ಹೊರಗೆ ಬರೋದ್ರಿಂದ ಗೇರ್ ಸೆಟ್ಟಿಂಗನ್ನ ಬೆಂಚ್ ಮೇಲೆ ಕೂತು ಮಾಡ್ಬಹುದು, ಗಾಡಿ ಕೆಳಗೆ ಮಲಗಿ ಅಲ್ಲ.

ಮುಂದಿನ ಆಕ್ಸಲ್‌ನ ದುರ್ಬಲ ಜಾಗ ಶಾಫ್ಟ್ ಅಲ್ಲ, ತುದಿಯಲ್ಲಿರೋ ಬರ್ಫೀಲ್ಡ್ ಜಾಯಿಂಟ್. ಚಕ್ರ ಸ್ಟೇರಿಂಗ್‌ಗೆ ತಿರುಗ್ತಾನೇ ಶಕ್ತಿ ತಗೋಬೇಕಲ್ಲ, ಅದಕ್ಕೆ ಒಂದು ಬಟ್ಟಲೊಳಗೆ ಆರು ಗುಂಡು ಓಡಾಡೋ ವ್ಯವಸ್ಥೆ. 1920ರ ದಶಕದಲ್ಲಿ ಆಲ್‌ಫ್ರೆಡ್ ರೆಪ್ಪಾ ಕಂಡುಹಿಡಿದ ಜಾಯಿಂಟ್‌ನ ವಂಶ. ನೇರ ಇದ್ದಾಗ ಆರೂ ಗುಂಡು ಭಾರ ಹಂಚ್ಕೊಳ್ತವೆ, ಕೋನ ಹೆಚ್ಚಾದ ಹಾಗೆ ಹಂಚಿಕೆ ಕೆಡುತ್ತೆ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಮುಂದಿನ ಲಾಕರ್ ಹಾಕಿ, ಆಕ್ಸಿಲರೇಟರ್ ಒತ್ತೋದು ಬರ್ಫೀಲ್ಡ್ ಒಡೆಯೋಕೆ ಗ್ಯಾರಂಟಿ ವಿಧಾನ. ಅದಕ್ಕೇ ಅನುಭವಸ್ಥರು ಹಿಂದಿನ ಲಾಕರ್ ಮೊದಲು ಹಾಕಿಸ್ತಾರೆ. ಮುಂದಿನದಕ್ಕೆ ಬೇಕಾದಾಗ ಮಾತ್ರ ಸ್ವಿಚ್‌ನಿಂದ ಹಾಕಿ ತೆಗೆಯೋ ಏರ್ ಲಾಕರ್ ಇಟ್ಕೊಳ್ತಾರೆ.

ಹಿಂದಿನ ಆಕ್ಸಲ್‌ನಲ್ಲಿ ಇನ್ನೊಂದು ವಿಷಯ, ಇದು ಜೀವದ ಪ್ರಶ್ನೆ. ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದಿನ ಚಕ್ರದ ಮಧ್ಯ ನೋಡಿ. ಒಂದು ದುಂಡು ಬಿಲ್ಲೆ, ಸುತ್ತ ಸಣ್ಣ ಬೋಲ್ಟ್‌ಗಳು ಕಾಣ್ತವೆ. ಅದು ಆಕ್ಸಲ್ ಶಾಫ್ಟ್‌ನ ತಲೆ. ಬಸ್ಸಿನ ಭಾರ ಹೊರೋದು ಹೊರಗಿನ ಹೌಸಿಂಗ್ ಮತ್ತು ಅದರ ಮೇಲಿನ ಬೇರಿಂಗ್‌ಗಳು. ಶಾಫ್ಟ್‌ನ ಕೆಲಸ ತಿರುಗಿಸೋದು ಮಾತ್ರ. ಇದು ಫುಲ್ ಫ್ಲೋಟಿಂಗ್. ಶಾಫ್ಟ್ ತುಂಡಾದ್ರೂ ಚಕ್ರ ಗಾಡಿ ಬಿಟ್ಟು ಹೋಗಲ್ಲ. ನಮ್ಮ ಪಿಕಪ್‌ನಲ್ಲಿರೋದು ಸೆಮಿ ಫ್ಲೋಟಿಂಗ್. ಚಕ್ರ ನೇರವಾಗಿ ಶಾಫ್ಟ್‌ಗೇ ಬೋಲ್ಟ್ ಆಗಿರುತ್ತೆ. ತಿರುಗಿಸೋದೂ ಅದೇ, ಭಾರ ಹೊರೋದೂ ಅದೇ. ಮೇಲಿನ 566 ಮೆಗಾಪ್ಯಾಸ್ಕಲ್ ಬರೀ ತಿರುಚೋ ಒತ್ತಡ. ಬಾಗಿಸೋ ಒತ್ತಡ ಅದರ ಮೇಲೆ ಸೇರುತ್ತೆ, ಅದೂ ಪ್ರತಿ ಸುತ್ತಿಗೆ ಒಂದು ಸಲ ದಿಕ್ಕು ಬದಲಾಯಿಸ್ತಾ. ಹಾಗಾಗಿ ಬಂಡೆ ಮೇಲೆ ಬಿದ್ದ ಸಣ್ಣ ಬಿರುಕು ಬೆಳೆದು ಬೆಳೆದು ಹೈವೇಯಲ್ಲಿ 90ರಲ್ಲಿ ಹೋಗ್ತಿರೋವಾಗ ಮುಗೀಬಹುದು. ಹೊರತುದಿಯಲ್ಲಿ ಮುರಿದ್ರೆ ಚಕ್ರ ನಿಮ್ಮನ್ನ ಓವರ್‌ಟೇಕ್ ಮಾಡುತ್ತೆ.

ರಿಮ್: ಕೊನೆಗೆ ಬರ್ಬೇಕಾದದ್ದು

ಪಂಕ್ಚರ್ ಅಂಗಡಿಯವರು ‘ಡಿಸ್ಕ್’ ಅನ್ನೋದು ಇದನ್ನೇ. ಮೊದಲು ಬೋಲ್ಟ್ ಜಾಗ. ಈ ಟೊಯೊಟಾಗೆ ಆರು ಬೋಲ್ಟ್, ಪಿಸಿಡಿ 139.7 ಮಿ.ಮೀ. ಇವತ್ತಿನ ಹೈಲಕ್ಸ್‌ದೂ ಇಸುಜು ವಿ-ಕ್ರಾಸ್‌ದೂ ಅದೇ. ಹಾಗಂತ ಒಂದರ ರಿಮ್ ಇನ್ನೊಂದಕ್ಕೆ ಕಣ್ಣುಮುಚ್ಚಿ ಹಾಕ್ಬೇಡಿ. ಮಧ್ಯದ ತೂತು ಮತ್ತು ಆಫ್‌ಸೆಟ್ ಎರಡನ್ನೂ ನೋಡ್ಬೇಕು.

ಆಫ್‌ಸೆಟ್ ಅಂದ್ರೆ ರಿಮ್ಮಿನ ಅಗಲದ ಮಧ್ಯರೇಖೆಯಿಂದ ಅದು ಹಬ್ಬಿಗೆ ತಾಗೋ ಮುಖ ಎಷ್ಟು ದೂರ ಅಂತ. ಮೈನಸ್ ಇದ್ದಷ್ಟು ಚಕ್ರ ಹೊರಗೆ ಚಾಚುತ್ತೆ. ಸ್ವಲ್ಪ ಬೇಕೇ ಬೇಕು, ಇಲ್ದಿದ್ರೆ ಅಗಲದ ಟೈರ್ ಒಳಗಡೆ ಸ್ಪ್ರಿಂಗ್ ಪ್ಲೇಟಿಗೆ ಉಜ್ಜುತ್ತೆ. ಈ ಗಾಡಿಗೆ 8 ಇಂಚು ಅಗಲದ ರಿಮ್, ಮೈನಸ್ 19 ಮಿ.ಮೀ. ಆಫ್‌ಸೆಟ್ ಸಾಮಾನ್ಯವಾಗಿ ಹೊಂದುತ್ತೆ. ಸ್ಟೈಲ್‌ಗೆ ಅಂತ ಮೈನಸ್ 50ಕ್ಕೆ ಹೋದ್ರೆ ಸ್ಟೇರಿಂಗ್ ತಿರುಗೋ ಅಕ್ಷ ಮತ್ತು ಟೈರ್ ಮಧ್ಯದ ಅಂತರ ಹೆಚ್ಚಾಗಿ, ಪ್ರತಿ ಕಲ್ಲಿಗೂ ಸ್ಟೇರಿಂಗ್ ಕೈಗೆ ಹೊಡೆಯುತ್ತೆ. ಸೆಮಿ ಫ್ಲೋಟಿಂಗ್ ಶಾಫ್ಟ್‌ನ ಬಾಗಿಸೋ ಒತ್ತಡಕ್ಕೂ ಸನ್ನೆಕೋಲು ಉದ್ದ ಆಗುತ್ತೆ.

ರಿಮ್ ವ್ಯಾಸ ಚಿಕ್ಕದಿದ್ದಷ್ಟು ಒಳ್ಳೇದು. 35 ಇಂಚಿನ ಟೈರ್ 15 ಇಂಚಿನ ರಿಮ್ ಮೇಲಿದ್ರೆ ಸೈಡ್‌ವಾಲ್ 10 ಇಂಚು, 20ರ ರಿಮ್ ಮೇಲಿದ್ರೆ ಏಳೂವರೆ. ಗಾಳಿ ಇಳಿಸಿದಾಗ ಟೈರ್ ಬಂಡೆಯನ್ನ ಅಪ್ಪಿಕೊಳ್ಳೋದು ಆ ಸೈಡ್‌ವಾಲ್‌ನಿಂದಲೇ. 10 ಪಿಎಸ್‌ಐಗಿಂತ ಕೆಳಗೆ ಇಳಿಸೋರು ಟೈರ್ ಅಂಚನ್ನ ಬೋಲ್ಟ್ ಹಾಕಿ ಬಿಗಿಯೋ ಬೀಡ್‌ಲಾಕ್ ರಿಮ್ ತಗೊಳ್ತಾರೆ. ಉಳಿದವರಿಗೆ ಸಾದಾ ಸ್ಟೀಲ್ ರಿಮ್ ಸಾಕು. ಸೊಟ್ಟಗಾದ್ರೆ ಸುತ್ತಿಗೆ ತಗೊಂಡು ಸರಿಮಾಡ್ಕೊಂಡು ಮನೆಗೆ ಬರ್ಬಹುದು, ಅಲಾಯ್ ಆದ್ರೆ ಬಿರುಕು ಬಿಡುತ್ತೆ.

ಇಷ್ಟೂ ಲೆಕ್ಕ ಒಣ ಬಂಡೆಯದು ಅನ್ನೋದು ನೆನಪಿರ್ಲಿ. ಮಳೆಗಾಲದ ಸಕಲೇಶಪುರದ ಕೆಸರಿಗೆ 98ರ ಕ್ರಾಲ್ ರೇಶಿಯೋ ಹೆಚ್ಚು ಉಪಯೋಗಕ್ಕೆ ಬರಲ್ಲ. ಅಲ್ಲಿ ಟೈರಿನ ಹಲ್ಲಿನ ಮಧ್ಯೆ ಮೆತ್ತಿಕೊಂಡ ಮಣ್ಣು ಉದುರೋಕೆ ಚಕ್ರಕ್ಕೆ ವೇಗ ಬೇಕು. ಹಳೇ ಎಸ್ಟೇಟ್ ಜೀಪ್‌ಗಳ ಬಡಕಲು 6.00-16 ಟೈರ್ ನೋಡಿ ನಗೋರಿದ್ದಾರೆ, ಆದ್ರೆ ಅವು ಮೇಲಿನ ಕೊಚ್ಚೆ ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯೋದೇ ಆ ಕಾರಣಕ್ಕೆ. ಮತ್ತೆ ಇದನ್ನ ಓದಿ ಅಪ್ಪನ ಗಾಡಿ ಬಿಚ್ಚೋಕೆ ಹೋಗೋರಿಗೆ ಒಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಲೆಕ್ಕ ಹಾಕೋಕೆ ಮಾತ್ರ ಯಾವ ಆರ್‌ಟಿಒ ಅಡ್ಡಿ ಇಲ್ಲ.

ಹಾಗಾಗಿ ಒಂದು ಲೆಕ್ಕ ನಿಮಗೆ. ಜೀಪ್ ಗ್ಲಾಡಿಯೇಟರ್ ರುಬಿಕಾನ್ ಅನ್ನೋ ಪಿಕಪ್‌ನ ಮ್ಯಾನ್ಯುಯಲ್ ಆವೃತ್ತಿ: ಫಸ್ಟ್ ಗೇರ್ 5.13, ಟ್ರಾನ್ಸ್‌ಫರ್ ಕೇಸ್ ಲೋ 4.0, ಕ್ರೌನ್ ಪಿನಿಯನ್ 4.10, ಟೈರ್ 33 ಇಂಚು. ಕ್ರಾಲ್ ರೇಶಿಯೋ 84ರ ಆಸುಪಾಸು ಬಂದ್ರೆ ನಿಮ್ಮ ದಾರಿ ಸರಿ. ಈಗ ಇದಕ್ಕೆ 37 ಇಂಚಿನ ಟೈರ್ ಹಾಕ್ಬೇಕು. ಎದುರಿಗೆ 4.56ರ ಒಂದು ಸೆಟ್, 4.88ರ ಒಂದು ಸೆಟ್ ಇದೆ. ಯಾವುದು ತಗೊಳ್ತೀರ, ಯಾಕೆ? ಕಾಮೆಂಟ್‌ನಲ್ಲಿ ಉತ್ತರದ ಜೊತೆ ಹೈವೇ ಆರ್‌ಪಿಎಂ ಕೂಡ ಹಾಕಿ ಅಂದಿರ್ತಿದ್ದೆ, ಆದ್ರೆ ಅದಕ್ಕೆ ಟಾಪ್ ಗೇರ್ ರೇಶಿಯೋ ಬೇಕು. ಅದನ್ನ ನೀವೇ ಹುಡುಕಿ.